ಕೊಲೆಯೇ ಪ್ರಾಯಶ್ಚಿತ್ತವಾದ ಕಾಲ

1066ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಬಳಿ ನಡೆದ ಕಾಳಗದಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಗೆದ್ದ. ರೋಮಿನ ಪೋಪರ ಒಲವೂ ಅವನ ಕಡೆಗೇ ಇತ್ತು. ಆದರೂ ಕೆಲವೇ ವರ್ಷಗಳಲ್ಲಿ ನಾರ್ಮಂಡಿಯ ಬಿಷಪ್ಪರು ಸೇರಿ ಗೆದ್ದವರ ಮೇಲೆಯೇ ಪ್ರಾಯಶ್ಚಿತ್ತ ವಿಧಿಸಿದರು. ಪೋಪರ ಪ್ರತಿನಿಧಿ ಎರ್ಮೆನ್‌ಫ್ರಿಡ್ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ. ಆ ಪಟ್ಟಿ ಇಂದಿಗೂ ಉಳಿದಿದೆ. ಯುದ್ಧದಲ್ಲಿ ಒಬ್ಬನನ್ನು ಕೊಂದಿದ್ದರೆ ಒಂದು ವರ್ಷದ ಪ್ರಾಯಶ್ಚಿತ್ತ, ಇಬ್ಬರಾದರೆ ಎರಡು ವರ್ಷ. ಗಾಯಗೊಳಿಸಿ, ಆತ ಸತ್ತನೋ ಉಳಿದನೋ ತಿಳಿಯದಿದ್ದರೆ ತಲೆಗೆ 40 ದಿನ. ಎಷ್ಟು ಜನರನ್ನು ಕೊಂದೆನೆಂಬ ಲೆಕ್ಕವೇ ಇಲ್ಲದವನು ಬದುಕಿರುವವರೆಗೂ ವಾರಕ್ಕೊಂದು ದಿನ ಪ್ರಾಯಶ್ಚಿತ್ತ ಮಾಡಬೇಕು, ಇಲ್ಲವೇ ಒಂದು ಚರ್ಚು ಕಟ್ಟಿಸಬೇಕು. ಬಿಟ್ಟ ಬಾಣ ಯಾರಿಗೆ ನಾಟಿತೆಂದು ತಿಳಿಯಲು ಬಿಲ್ಲುಗಾರನಿಗೆ ದಾರಿಯಿಲ್ಲ. ಅವನಿಗೆ ಮೂರು ತಪಸ್ಸುಕಾಲಗಳ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಅವಧಿಗಳ, ವ್ರತ. ಯಾರನ್ನೂ ಹೊಡೆಯದೆ, ಹೊಡೆಯಬೇಕೆಂದು ಬರೀ ಬಯಸಿದ್ದವನಿಗೂ ಮೂರು ದಿನ.

ಇದನ್ನು ಓದಿದಾಗಲೆಲ್ಲ ನನಗೆ ಆ ಬಿಲ್ಲುಗಾರನ ಬಗ್ಗೆ ಬರೆದ ಸಾಲಿನ ಮೇಲೆ ಕಣ್ಣು ನಿಲ್ಲುತ್ತದೆ. ಕಾಣದ ಸಾವಿಗೂ ಲೆಕ್ಕ ಕೇಳುವಷ್ಟು ಸೂಕ್ಷ್ಮವಾದ ಮನಸ್ಸು ಆ ಕಾಲದ ಧರ್ಮಗುರುಗಳಿಗಿತ್ತು. ಯುದ್ಧ ನ್ಯಾಯವಾದದ್ದೇ ಇರಬಹುದು, ರಾಜನ ಅಪ್ಪಣೆಯೇ ಇರಬಹುದು, ಕೊಂದವನ ಕೈಗೆ ರಕ್ತ ಅಂಟಿದ್ದು ಅಂಟಿದ್ದೇ ಎಂಬುದು ಅವರ ನಂಬಿಕೆ. ಐದನೇ ಶತಮಾನದ ಸಂತ ಅಗಸ್ಟೀನ್ ಯುದ್ಧವನ್ನು ಪೂರ್ತಿಯಾಗಿ ನಿಷೇಧಿಸಿರಲಿಲ್ಲ. ಆದರೆ ಅದಕ್ಕೆ ತಕ್ಕ ಕಾರಣ ಬೇಕು, ಅಧಿಕಾರವುಳ್ಳವನ ಆಜ್ಞೆ ಬೇಕು, ದ್ವೇಷವಿಲ್ಲದ ಮನಸ್ಸು ಬೇಕು, ಬೇರೆ ದಾರಿ ಇಲ್ಲದಾಗ ಮಾತ್ರ ಕತ್ತಿ ಹಿಡಿಯಬೇಕು ಎಂದು ಕಟ್ಟು ಹಾಕಿದ್ದ. ಹೇಸ್ಟಿಂಗ್ಸ್‌ನ ಪಟ್ಟಿ ಅದೇ ಪರಂಪರೆಯ ಕೂಸು.

ಆ ಕಾಳಗ ನಡೆದು ಮೂವತ್ತು ವರ್ಷ ತುಂಬುವ ಮೊದಲೇ ಈ ಲೆಕ್ಕಾಚಾರ ತಲೆಕೆಳಗಾಯಿತು. 1095ರ ನವೆಂಬರ್ 27ರಂದು ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಜನರ ಮುಂದೆ ನಿಂತು ಜೆರುಸಲೇಮಿನತ್ತ ಹೊರಡಿರೆಂದು ಕರೆ ಕೊಟ್ಟರು. ಅಂದು ಅವರು ಆಡಿದ ಮಾತು ನಮಗೆ ಇದ್ದ ಹಾಗೇ ಸಿಕ್ಕಿಲ್ಲ. ಇರುವ ವರದಿಗಳೆಲ್ಲ ಜೆರುಸಲೇಮ್ ಕೈಸೇರಿದ ಮೇಲೆ ಬರೆದವು, ಒಂದಕ್ಕೊಂದು ಹೊಂದುವುದೂ ಇಲ್ಲ. ಆದರೆ ಆ ಧರ್ಮಸಭೆಯ ನಿರ್ಣಯದ ತಿರುಳು ಸ್ಪಷ್ಟ. ಹಣಕ್ಕಾಗಿ, ಹೆಸರಿಗಾಗಿ ಹೊರಡದೆ ಬರೀ ಭಕ್ತಿಯಿಂದ ಜೆರುಸಲೇಮಿನ ಚರ್ಚನ್ನು ಬಿಡಿಸಲು ಹೋಗುವವನಿಗೆ ಆ ಪ್ರಯಾಣವೇ ಎಲ್ಲ ಪ್ರಾಯಶ್ಚಿತ್ತಕ್ಕೂ ಬದಲಿ. ಕೊಂದದ್ದಕ್ಕೆ ಪ್ರಾಯಶ್ಚಿತ್ತ ಮಾಡಬೇಕಿದ್ದ ಯೋಧನಿಗೆ ಇನ್ನು ಮುಂದೆ ಕೊಲ್ಲಲು ಹೋಗುವುದೇ ಪ್ರಾಯಶ್ಚಿತ್ತವಾಯಿತು.

ಹೀಗೆ ಶುರುವಾದ ಧರ್ಮಯುದ್ಧಗಳ, ಅಂದರೆ ಕ್ರುಸೇಡ್‌ಗಳ, ವಿಚಾರ ಬಂದಾಗ ಸಾಮಾನ್ಯವಾಗಿ ಒಂದು ಮಾತು ಕೇಳಿಬರುತ್ತದೆ: ಅದು ಬೇರೆ ಕಾಲ, ಇಂದಿನ ಅಳತೆಗೋಲಿನಿಂದ ಅವರನ್ನು ಅಳೆಯಬಾರದು. ಸರಿ, ನಮ್ಮ ಅಳತೆಗೋಲು ಬೇಡ. ಜಿನೀವಾ ಒಪ್ಪಂದವನ್ನೂ ಮಾನವ ಹಕ್ಕುಗಳ ಘೋಷಣೆಯನ್ನೂ ಅವರ ಮೇಲೆ ಹೇರುವುದು ಬೇಡ. ಅವರದೇ ಧರ್ಮಶಾಸ್ತ್ರ, ಅವರದೇ ಪ್ರಾಯಶ್ಚಿತ್ತದ ಪಟ್ಟಿ, ಅವರೇ ಆಣೆಯಿಟ್ಟು ಕೊಟ್ಟ ಮಾತು, ಇಷ್ಟನ್ನೇ ಇಟ್ಟುಕೊಂಡು ನೋಡೋಣ. ಅಷ್ಟೇ ಸಾಕು, ತೀರ್ಪು ಇನ್ನಷ್ಟು ಕಠಿಣವಾಗುತ್ತದೆ ಎನ್ನುವುದು ನನ್ನ ಅನಿಸಿಕೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಹೊರಟವರೆಲ್ಲ ಲೂಟಿಯ ಆಸೆಯಿಂದ ಹೊರಟ ದರೋಡೆಕೋರರು ಎಂಬ ಚಿತ್ರ ಇಂದಿನ ಇತಿಹಾಸಕಾರರಿಗೆ ಒಪ್ಪಿಗೆಯಾಗಿಲ್ಲ. ಕುದುರೆ, ಆಯುಧ, ವರ್ಷಗಟ್ಟಲೆ ಊಟದ ಖರ್ಚು ಹೊಂದಿಸಲು ಅನೇಕರು ಭೂಮಿಯನ್ನು ಮಠಗಳಿಗೆ ಅಡವಿಟ್ಟರು, ಮಾರಿದರು. ಆ ಕರಾರುಪತ್ರಗಳು ಇವತ್ತಿಗೂ ಇವೆ. ದಾರಿಯಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತವರಿಗೆ ಲೆಕ್ಕವಿಲ್ಲ. ಜೆರುಸಲೇಮ್ ಗೆದ್ದ ಮೇಲೆ ಬಹುಪಾಲು ಜನ ಬರಿಗೈಯಲ್ಲಿ ಊರಿಗೆ ಮರಳಿದರು. ಅವರ ಭಕ್ತಿ ನಿಜ, ತ್ಯಾಗವೂ ನಿಜ. ನನ್ನನ್ನು ಕಾಡುವುದು ಇದೇ. ಆಸೆಬುರುಕನಿಗೆ ತಾನು ಮಾಡುತ್ತಿರುವುದು ತಪ್ಪೆಂಬ ಅಳುಕು ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ಕೊಲ್ಲುವುದೇ ಪುಣ್ಯವೆಂದು ನಂಬಿದವನಿಗೆ ಆ ಅಳುಕೂ ಇರುವುದಿಲ್ಲ.

ಇನ್ನು ಯುದ್ಧಕ್ಕೆ ಕಾರಣ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ಯಾಲೆಸ್ಟೈನ್, ಸಿರಿಯಾ, ಈಜಿಪ್ಟುಗಳು ಏಳನೇ ಶತಮಾನದಲ್ಲಿ ಅರಬರ ಕೈಸೇರುವ ಮೊದಲು ಕ್ರೈಸ್ತ ಸಾಮ್ರಾಜ್ಯದ ಭಾಗಗಳಾಗಿದ್ದವು. 1009ರಲ್ಲಿ ಈಜಿಪ್ಟಿನ ಫಾತಿಮಿ ಖಲೀಫ ಅಲ್ ಹಾಕಿಮ್ ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯ ಚರ್ಚನ್ನು ಕೆಡವಿಸಿದ್ದ. 1071ರಲ್ಲಿ ಮಂಜಿಕರ್ಟ್‌ನಲ್ಲಿ ಸೆಲ್ಜುಕ್ ತುರ್ಕರು ಪೂರ್ವದ ಕ್ರೈಸ್ತ ಸಾಮ್ರಾಜ್ಯವಾದ ಬೈಜಾಂಟಿಯಂನ ಸೇನೆಯನ್ನು ಬಗ್ಗುಬಡಿದು, ಮುಂದಿನ ವರ್ಷಗಳಲ್ಲಿ ಏಷ್ಯಾ ಮೈನರ್‌ನ ಬಹುಭಾಗವನ್ನು ಹಿಡಿದರು. ಅದರ ಚಕ್ರವರ್ತಿ ಅಲೆಕ್ಸಿಯೋಸ್ 1095ರ ಮಾರ್ಚ್‌ನಲ್ಲಿ ಇಟಲಿಯ ಪಿಯಾಚೆಂಜಾದಲ್ಲಿ ಪೋಪರು ನಡೆಸಿದ ಸಭೆಗೆ ದೂತರನ್ನು ಕಳಿಸಿ ನೆರವು ಕೇಳಿದ್ದ. ನೆರೆಯವನು ಸಹಾಯ ಕೇಳಿದಾಗ ಹೋಗುವುದು ಅಗಸ್ಟೀನನ ಲೆಕ್ಕದಲ್ಲಿ ತಪ್ಪಲ್ಲ.

ಆದರೆ ಕೆಡವಿದ ಆ ಚರ್ಚು 1040ರ ದಶಕದ ಹೊತ್ತಿಗೆ ಬೈಜಾಂಟಿಯಂನ ಹಣದಿಂದ, ಫಾತಿಮಿಗಳ ಒಪ್ಪಿಗೆಯಿಂದ ಮತ್ತೆ ಎದ್ದುನಿಂತಿತ್ತು. ಅರಬರು ಜೆರುಸಲೇಮ್ ಗೆದ್ದು 450 ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. 1099ರಲ್ಲಿ ಕ್ರುಸೇಡರ್‌ಗಳು ನಗರವನ್ನು ಮುತ್ತಿದಾಗ ಅಲ್ಲಿದ್ದವರು ಬೈಜಾಂಟಿಯಂ ಮೇಲೆ ಬಿದ್ದ ತುರ್ಕರಲ್ಲ. ಹಿಂದಿನ ವರ್ಷವಷ್ಟೇ ಈಜಿಪ್ಟಿನ ಫಾತಿಮಿಗಳು ತುರ್ಕರನ್ನು ಓಡಿಸಿ ಜೆರುಸಲೇಮನ್ನು ಹಿಡಿದಿದ್ದರು. ಜೆರುಸಲೇಮಿಗೆ ಬರುವ ದಾರಿಯಲ್ಲಿ ಆಂಟಿಯೋಕ್ ನಗರಕ್ಕೆ ಹಾಕಿದ ಮುತ್ತಿಗೆಯ ಸಮಯದಲ್ಲಿ ಇದೇ ಫಾತಿಮಿಗಳ ದೂತರೊಂದಿಗೆ ಕ್ರುಸೇಡರ್‌ಗಳು ಕೂತು ಮಾತಾಡಿದ್ದರು. ತುರ್ಕರು ಇಬ್ಬರಿಗೂ ಶತ್ರು. ಯಾರ ತಪ್ಪಿಗೆ ಯುದ್ಧ ಹೂಡಿದರೋ ಅವರು ಬೇರೆ, ಯಾರ ಮನೆಗೆ ನುಗ್ಗಿದರೋ ಅವರು ಬೇರೆ.

ಮೊಟ್ಟಮೊದಲು ಸತ್ತವರಂತೂ ಮುಸ್ಲಿಮರೇ ಅಲ್ಲ. 1096ರ ಬೇಸಿಗೆಗೆ ಮುಂಚೆ ರೈನ್ ನದಿಯ ದಂಡೆಯ ಜರ್ಮನ್ ಊರುಗಳಲ್ಲಿ ಕ್ರುಸೇಡರ್‌ಗಳ ಗುಂಪುಗಳು ಯಹೂದಿಗಳ ಮೇಲೆ ಬಿದ್ದವು. ಕ್ರಿಸ್ತನ ಶತ್ರುಗಳನ್ನು ಹುಡುಕಿಕೊಂಡು ಅಷ್ಟು ದೂರ ಹೋಗುವ ನಾವು ಮನೆಯ ಮಗ್ಗುಲಲ್ಲೇ ಇರುವ ಶತ್ರುಗಳನ್ನೇಕೆ ಬಿಡಬೇಕು ಎಂಬುದು ಅವರ ವಾದ. ಹೀಬ್ರೂ ವೃತ್ತಾಂತಗಳ ಪ್ರಕಾರ ವರ್ಮ್ಸ್‌ನಲ್ಲಿ ಸುಮಾರು 800 ಮಂದಿ, ಮೈನ್ಜ್‌ನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಬಲವಂತದ ದೀಕ್ಷಾಸ್ನಾನಕ್ಕೆ ಸಿಗಬಾರದೆಂದು ತಾಯ್ತಂದೆಯರು ತಮ್ಮ ಮಕ್ಕಳನ್ನು ತಾವೇ ಕೊಂದುಕೊಂಡರು. ಸ್ಪೇಯರ್‌ನಲ್ಲಿ ಮಾತ್ರ ಬಿಷಪ್ ಯೋಹಾನ್ ತನ್ನ ಊರಿನ ಬಹುಪಾಲು ಯಹೂದಿಗಳನ್ನು ಉಳಿಸಿದ, ದಾಳಿಕೋರರಲ್ಲಿ ಕೆಲವರನ್ನು ಹಿಡಿದು ಕೈ ಕಡಿಸಿದ. ಯಹೂದಿಗಳನ್ನು ಕೊಲ್ಲಬಾರದು ಎಂಬುದು ಚರ್ಚಿನ ಹಳೆಯ ನಿಯಮ, ಅವನಿಗೆ ಅದು ಗೊತ್ತಿತ್ತು. ಆಖೆನ್‌ನ ಆಲ್ಬರ್ಟ್ ಎಂಬ ಕ್ರೈಸ್ತ ಲೇಖಕನಿಗೂ ಗೊತ್ತಿತ್ತು. ಈ ಗುಂಪುಗಳು ಮುಂದೆ ಹಂಗೇರಿಯಲ್ಲಿ ನುಚ್ಚುನೂರಾದುದನ್ನು ಅವನು ದೇವರು ಕೊಟ್ಟ ಶಿಕ್ಷೆ ಎಂದೇ ಬರೆದ.

ಐವತ್ತು ವರ್ಷದ ನಂತರ, ಎರಡನೇ ಕ್ರುಸೇಡ್‌ನ ಹೊತ್ತಿಗೆ, ರಾಡುಲ್ಫ್ ಎಂಬ ಸನ್ಯಾಸಿ ಅದೇ ಊರುಗಳಲ್ಲಿ ಅದೇ ಬೆಂಕಿ ಹಚ್ಚುತ್ತ ತಿರುಗಿದ. ಕ್ಲೇರ್ವೋ ಮಠದ ಬರ್ನಾರ್ಡ್ 1146ರಲ್ಲಿ ತಾನೇ ಅಲ್ಲಿಗೆ ಹೋಗಿ ಅವನ ಬಾಯಿ ಮುಚ್ಚಿಸಿದ. ಬಾನ್‌ನ ಎಫ್ರಾಯಿಮ್ ಎಂಬ ಯಹೂದಿ ಲೇಖಕ ಅದನ್ನು ಕೃತಜ್ಞತೆಯಿಂದ ದಾಖಲಿಸಿದ್ದಾನೆ. ಆದರೆ ಟೆಂಪ್ಲರ್ ಯೋಧ ಸನ್ಯಾಸಿಗಳನ್ನು ಹೊಗಳಿ ಪುಸ್ತಕ ಬರೆದು, ದುಷ್ಟನನ್ನು ಕೊಂದರೆ ಸತ್ತದ್ದು ಮನುಷ್ಯನಲ್ಲ, ದುಷ್ಟತನ ಎಂದು ವಾದಿಸಿದವನೂ ಇದೇ ಬರ್ನಾರ್ಡ್. ಎರಡನೇ ಕ್ರುಸೇಡ್‌ಗೆ ಜನರನ್ನು ಹುರಿದುಂಬಿಸಿದವನೂ ಅವನೇ. ಒಂದು ಜೀವಕ್ಕೆ ಅಡ್ಡ ನಿಂತು ಕಾದ ಅದೇ ಮನುಷ್ಯ ಇನ್ನೊಂದು ಜೀವವನ್ನು ಜೀವವೆಂದೇ ಎಣಿಸಲಿಲ್ಲ. ಹೇಸ್ಟಿಂಗ್ಸ್‌ನ ಪಟ್ಟಿ ಬರೆದ ಬಿಷಪ್ಪರು ಸತ್ತವನನ್ನು ಮನುಷ್ಯನೆಂದೇ ಲೆಕ್ಕಕ್ಕೆ ಹಿಡಿದಿದ್ದರು. ಬರ್ನಾರ್ಡನ ವಾದದಲ್ಲಿ ಸತ್ತವನು ಲೆಕ್ಕದಿಂದಲೇ ಅಳಿಸಿಹೋದ.

1099ರ ಜುಲೈ 15, ಶುಕ್ರವಾರ. ಐದು ವಾರಗಳ ಮುತ್ತಿಗೆಯ ನಂತರ ಕ್ರುಸೇಡರ್‌ಗಳ ನಾಯಕರಲ್ಲೊಬ್ಬನಾದ ಗೊಡೆಫ್ರಾಯ್‌ನ ಕಡೆಯವರು ಉತ್ತರದ ಗೋಡೆ ಹತ್ತಿ ಜೆರುಸಲೇಮಿನೊಳಕ್ಕೆ ಇಳಿದರು. ದಾವೀದನ ಗೋಪುರದಲ್ಲಿದ್ದ ಫಾತಿಮಿ ಅಧಿಕಾರಿ ಇಫ್ತಿಖಾರ್, ಇನ್ನೊಬ್ಬ ನಾಯಕ ಟುಲೂಸಿನ ರೇಮಂಡ್‌ನ ಜತೆ ಒಪ್ಪಂದ ಮಾಡಿಕೊಂಡ. ರೇಮಂಡ್ ಮಾತು ಉಳಿಸಿಕೊಂಡು ಅವನನ್ನೂ ಅವನ ಸೈನಿಕರನ್ನೂ ಸುರಕ್ಷಿತವಾಗಿ ಆಸ್ಕಲಾನ್‌ಗೆ ಕಳಿಸಿದ. ಊರಿನ ಸಾಮಾನ್ಯ ಜನ ಓಡಿದ್ದು ಅಲ್ ಅಕ್ಸಾ ಮಸೀದಿಯ ಕಡೆಗೆ. ಒಳಗೆ ಸಿಕ್ಕವರನ್ನು ಕಡಿದು ಹಾಕಿದರು. ಒಂದಷ್ಟು ಜನ ಮಾಳಿಗೆ ಹತ್ತಿದ್ದರು. ಟ್ಯಾಂಕ್ರೆಡ್ ಎಂಬ ಎಳೆಯ ಸರದಾರ ಅವರಿಗೆ ಅಭಯ ಕೊಟ್ಟು, ಅದರ ಗುರುತಿಗೆ ತನ್ನ ಬಾವುಟಗಳನ್ನು ಮೇಲಕ್ಕೆ ಕಳಿಸಿದ. ಇವರು ನನ್ನ ಸೆರೆಯಾಳುಗಳು, ಇವರನ್ನು ಯಾರೂ ಮುಟ್ಟಬಾರದು ಎಂಬುದೇ ಆ ಬಾವುಟದ ಅರ್ಥ. ಮಾಳಿಗೆಯ ಮೇಲಿದ್ದ ಗಂಡಸರು, ಹೆಂಗಸರು ಆ ಬಟ್ಟೆಯ ನೆರಳಲ್ಲಿ ರಾತ್ರಿ ಕಳೆದರು.

ಬೆಳಗಾದ ಮೇಲೆ ಬೇರೆ ಕ್ರುಸೇಡರ್‌ಗಳು ಮಾಳಿಗೆ ಹತ್ತಿ ಬಂದರು. ಕತ್ತಿ ಬಿಚ್ಚಿ ಹೆಂಗಸರು, ಗಂಡಸರೆನ್ನದೆ ಕಡಿದರು. ಕೆಲವರು ಮಾಳಿಗೆಯಿಂದ ಕೆಳಕ್ಕೆ ಹಾರಿ ಸತ್ತರು. ಟ್ಯಾಂಕ್ರೆಡ್ ಸಿಟ್ಟಾದ. ಇದನ್ನು ಬರೆದಿಟ್ಟವರಲ್ಲಿ ಕ್ರುಸೇಡರ್‌ಗಳ ಜೊತೆಗೇ ಬಂದಿದ್ದವರೂ ಇದ್ದಾರೆ. ಮೂರನೆಯ ದಿನದ ಸಂಗತಿಯನ್ನು ಹೇಳುವವನು ಆಲ್ಬರ್ಟ್. ಈಜಿಪ್ಟಿನ ಸೇನೆ ಬಂದರೆ ಒಳಗಿನ ಸೆರೆಯಾಳುಗಳು ತಿರುಗಿಬೀಳಬಹುದೆಂದು ನಾಯಕರು ಸಭೆ ಕೂತು ನಿರ್ಧರಿಸಿ, ಹಣ ಕೊಟ್ಟು ಪ್ರಾಣ ಉಳಿಸಿಕೊಂಡವರನ್ನೂ ಸೇರಿಸಿ ಉಳಿದವರನ್ನೆಲ್ಲ ಕೊಲ್ಲಿಸಿದರಂತೆ. ಮೊದಲ ದಿನದ ಕೊಲೆಯನ್ನು ಯುದ್ಧದ ಉನ್ಮಾದಕ್ಕೆ ಹಚ್ಚಬಹುದು. ಸಭೆ ಕೂತು ತೆಗೆದುಕೊಂಡ ತೀರ್ಮಾನವನ್ನು ಯಾವ ಉನ್ಮಾದಕ್ಕೆ ಹಚ್ಚುವುದು?

ಸತ್ತವರೆಷ್ಟು ಎಂಬುದಕ್ಕೆ ಒಂದೊಂದು ಪುಸ್ತಕ ಒಂದೊಂದು ಸಂಖ್ಯೆ ಹೇಳುತ್ತದೆ. ನೂರು ವರ್ಷಗಳ ಮೇಲೆ ಬರೆದ ಇಬ್ನ್ ಅಲ್ ಅಥೀರ್ 70,000 ಎನ್ನುತ್ತಾನೆ. ಅಷ್ಟು ಜನ ಆ ಊರಲ್ಲಿ ಇದ್ದಿರಲಾರರು. ಕೆಲವೇ ವರ್ಷ ಮುಂಚೆ ಜೆರುಸಲೇಮಿನಲ್ಲಿ ಓದುತ್ತಿದ್ದ ಸೆವಿಲ್‌ನ ವಿದ್ವಾಂಸ ಇಬ್ನ್ ಅಲ್ ಅರಬಿ, ಅಲ್ ಅಕ್ಸಾದಲ್ಲಿ ಸತ್ತವರು 3,000 ಎಂದಿದ್ದಾನೆ. ಕ್ರುಸೇಡರ್‌ಗಳ ಜೊತೆಯಲ್ಲಿದ್ದ ಪಾದ್ರಿ ರೇಮಂಡ್ ದಾಗಿಲೇರ್, ರಕ್ತ ಕುದುರೆಯ ಕಡಿವಾಣ ಮುಟ್ಟಿತೆಂದು ಬರೆದ. ಅದು ಬೈಬಲ್ಲಿನ ಪ್ರಕಟನೆ ಗ್ರಂಥದಿಂದ ಎತ್ತಿಕೊಂಡ ಚಿತ್ರ. ಈ ಉತ್ಪ್ರೇಕ್ಷೆಯನ್ನು ತೋರಿಸಿ ಹತ್ಯಾಕಾಂಡವನ್ನೇ ಸಣ್ಣದಾಗಿಸುವವರಿದ್ದಾರೆ. ನನಗೆ ಅದು ತದ್ವಿರುದ್ಧವಾಗಿ ಕಾಣುತ್ತದೆ. ನಡೆದುದಕ್ಕಿಂತ ದೊಡ್ಡದಾಗಿ ಹೇಳಿಕೊಂಡದ್ದು ನಾಚಿಕೆಯಿಂದಲ್ಲ, ಹೆಮ್ಮೆಯಿಂದ. ದೇವರ ನ್ಯಾಯ ನಡೆಯಿತು ಎಂಬ ಸಂತೋಷ ಆ ಪಾದ್ರಿಯ ಬರಹದಲ್ಲಿ ತುಂಬಿ ತುಳುಕುತ್ತದೆ. ಪ್ರಾಯಶ್ಚಿತ್ತದ ಪಟ್ಟಿ ಬರೆದ ಬಿಷಪ್ಪರಿಗೂ ಇವನಿಗೂ ನಡುವೆ ಒಂದೇ ತಲೆಮಾರು.

ಬದುಕುಳಿದವರ ಒಂದು ದಾಖಲೆ ಕೈರೋದ ಹಳೆಯ ಸಿನಗಾಗ್‌ನ ಕಾಗದದ ರಾಶಿಯಲ್ಲಿ ಸಿಕ್ಕಿತು. 1100ರಲ್ಲಿ ಆಸ್ಕಲಾನ್‌ನ ಯಹೂದಿ ಹಿರಿಯರು ಈಜಿಪ್ಟಿನವರಿಗೆ ಬರೆದ ಪತ್ರ ಅದು. ಹಣ ಕೊಟ್ಟು ಇಷ್ಟು ಜನರನ್ನು ಬಿಡಿಸಿಕೊಂಡಿದ್ದೇವೆ, ಧರ್ಮಗ್ರಂಥಗಳನ್ನೂ ಕೊಂಡು ತಂದಿದ್ದೇವೆ, ಕೆಲವರು ರೋಗದಿಂದ ಸತ್ತರು, ಇನ್ನೂ ಸೆರೆಯಲ್ಲಿರುವವರಿದ್ದಾರೆ, ಸಾಲ ಮೈಮೇಲಿದೆ, ಹಣ ಕಳಿಸಿ. ಧರ್ಮಯುದ್ಧದ ಬಗ್ಗೆ ಬರೆದ ಎಷ್ಟೋ ಪುಟಗಳಿಗಿಂತ ಆ ಖರ್ಚಿನ ಪತ್ರ ನನಗೆ ಹತ್ತಿರ.

ಮುತ್ತಿಗೆ ಹಾಕಿದ ಊರು ಶರಣಾಗದೆ ಬಲದಿಂದ ಬಿದ್ದರೆ ಒಳಗಿನವರ ಪ್ರಾಣ ಗೆದ್ದವನ ಕೈಯಲ್ಲಿ, ಅದು ಅಂದಿನ ಯುದ್ಧ ಪದ್ಧತಿ ಎನ್ನುವ ಸಮರ್ಥನೆಯೂ ಇದೆ. ಪದ್ಧತಿ ಹಾಗಿದ್ದದ್ದು ನಿಜ. ಆದರೆ ಅಭಯದ ಬಾವುಟ ಕೊಟ್ಟ ಮೇಲೆ ಕೊಲ್ಲುವುದು, ಹಣ ತೆಗೆದುಕೊಂಡ ಮೇಲೆ ಕೊಲ್ಲುವುದು ಯಾವ ಪದ್ಧತಿಯಲ್ಲೂ ಇರಲಿಲ್ಲ. ಜೆರುಸಲೇಮಿನಲ್ಲೇ ಹುಟ್ಟಿ ಮುಂದೆ ಆರ್ಚ್‌ಬಿಷಪ್ ಆದ ಟೈರಿನ ವಿಲಿಯಂ ಎಂಬತ್ತು ವರ್ಷಗಳ ನಂತರ ಈ ಘಟನೆಯನ್ನು ಬರೆಯುವಾಗ, ಅಡಿಯಿಂದ ಮುಡಿಯವರೆಗೆ ರಕ್ತ ಮೆತ್ತಿಕೊಂಡ ಗೆದ್ದವರನ್ನು ನೋಡುವುದೇ ಭೀಕರವಾಗಿತ್ತು ಎಂಬರ್ಥದ ಮಾತು ಹೇಳುತ್ತಾನೆ. ಆ ನೆಲದಲ್ಲೇ ಹುಟ್ಟಿದವನ ಕಣ್ಣು ಅದು.

ಎದುರು ಪಕ್ಷದಲ್ಲೂ ಶಾಸ್ತ್ರ ಇತ್ತು, ಇನ್ನೂ ವಿವರವಾಗಿಯೇ ಇತ್ತು. ಯುದ್ಧದಲ್ಲಿ ಹೆಂಗಸರು, ಮಕ್ಕಳು, ಮುದುಕರು, ಮಠದ ಸನ್ಯಾಸಿಗಳನ್ನು ಕೊಲ್ಲಬಾರದು, ಫಲ ಕೊಡುವ ಮರ ಕಡಿಯಬಾರದು ಎಂಬ ಆದೇಶ ಮೊದಲ ಖಲೀಫ ಅಬೂಬಕರರ ಹೆಸರಿನಲ್ಲಿ ಬಂದಿತ್ತು. ಎಂಟನೇ ಶತಮಾನದಲ್ಲೇ ಅಲ್ ಶೈಬಾನಿ ಎಂಬ ನ್ಯಾಯಶಾಸ್ತ್ರಿ ಯುದ್ಧ, ಸಂಧಿ, ಸೆರೆಯಾಳುಗಳ ನಿಯಮಗಳನ್ನು ಕ್ರಮವಾಗಿ ಬರೆದಿಟ್ಟಿದ್ದ. ಆದರೆ ಅದೇ ಶಾಸ್ತ್ರ ನಂಬದವರ ನಾಡನ್ನು ಗೆದ್ದು ವಿಸ್ತರಿಸುವುದನ್ನು ಸಮುದಾಯದ ಕರ್ತವ್ಯವೆಂದೂ ಒಪ್ಪಿತ್ತು. 1105ರಲ್ಲಿ ಡಮಾಸ್ಕಸ್‌ನ ಅಲ್ ಸುಲಮಿ ಜಿಹಾದ್ ಬಗ್ಗೆ ಬರೆದ ಪುಸ್ತಕವನ್ನು ಮಸೀದಿಯಲ್ಲಿ ಓದಿ ಹೇಳಿದ. ಫ್ರಾಂಕರು, ಅಂದರೆ ಪಶ್ಚಿಮದ ಕ್ರೈಸ್ತರು, ಇಷ್ಟು ದೂರ ಬಂದದ್ದು ನಮ್ಮ ಒಡಕಿನಿಂದ, ನಮ್ಮ ಅಲಕ್ಷ್ಯದಿಂದ, ಮೊದಲು ನಿಮ್ಮೊಳಗಿನ ಕೆಡುಕಿನ ವಿರುದ್ಧ ಹೋರಾಡಿ ಎಂಬುದು ಅವನ ಬುದ್ಧಿಮಾತು. ಕೇಳಿದವರು ಹೆಚ್ಚಿರಲಿಲ್ಲ.

1144ರಲ್ಲಿ ತುರ್ಕ್ ದೊರೆ ಜಂಗಿ ಫ್ರಾಂಕರ ವಶದಲ್ಲಿದ್ದ ಎಡೆಸ್ಸಾ ನಗರವನ್ನು ಗೆದ್ದು ಫ್ರಾಂಕರನ್ನು ಕೊಲ್ಲಿಸಿ, ಸ್ಥಳೀಯ ಸಿರಿಯನ್ ಮತ್ತು ಅರ್ಮೇನಿಯನ್ ಕ್ರೈಸ್ತರನ್ನು ಉಳಿಸಿದ. ಎರಡು ವರ್ಷದ ನಂತರ ಊರು ಮತ್ತೆ ಫ್ರಾಂಕರ ಕಡೆ ವಾಲಿದಾಗ ಅವನ ಮಗ ನೂರುದ್ದೀನ್ ಆ ಸ್ಥಳೀಯರನ್ನೂ ಬಿಡಲಿಲ್ಲ. ಮುಂದೆ ಬಂದ ಸುಲ್ತಾನ ಸಲಾದಿನ್‌ನ ಔದಾರ್ಯದ ಕತೆಗಳನ್ನು ನಾವು ಶಾಲೆಯ ಪಾಠಗಳಲ್ಲೂ ಸಿನಿಮಾದಲ್ಲೂ ಕಂಡಿದ್ದೇವೆ. ಅವುಗಳಲ್ಲಿ ಬಹಳಷ್ಟು ನಿಜ. ಆದರೆ 1187ರ ಜುಲೈ 4ರಂದು ಹತ್ತೀನ್‌ನಲ್ಲಿ ಫ್ರಾಂಕರನ್ನು ಗೆದ್ದ ಎರಡು ದಿನಕ್ಕೆ, ಸೆರೆಸಿಕ್ಕ ಟೆಂಪ್ಲರ್ ಮತ್ತು ಹಾಸ್ಪಿಟಲರ್ ಯೋಧ ಸನ್ಯಾಸಿಗಳನ್ನು, ಅವರನ್ನು ಹಿಡಿದವರಿಗೆ ತಲೆಗೆ 50 ದಿನಾರ್ ಕೊಟ್ಟು ತರಿಸಿ, ತನ್ನೆದುರೇ ಕೊಲ್ಲಿಸಿದ. ಕತ್ತಿ ಹಿಡಿದವರು ಸೇನೆಯ ಜೊತೆ ಬಂದಿದ್ದ ಸೂಫಿಗಳು ಮತ್ತು ವಿದ್ವಾಂಸರು. ಕಣ್ಣಾರೆ ಕಂಡು ಬರೆದವನು ಸಲಾದಿನ್‌ನ ಕಾರ್ಯದರ್ಶಿ ಇಮಾದುದ್ದೀನ್. ಕೆಲವರು ಒಂದೇ ಏಟಿಗೆ ಮುಗಿಸಿದರು, ಕೆಲವರು ಕೈ ಹಿಂದೆಗೆದರು, ಅವರನ್ನು ಬಲವಂತ ಮಾಡಲಿಲ್ಲ ಎನ್ನುತ್ತಾನೆ. ಕೈ ಹಿಂದೆಗೆದ ಆ ಕೆಲವರ ಹೆಸರು ಉಳಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅದೇ ವರ್ಷ ಅಕ್ಟೋಬರ್ 2ರಂದು ಜೆರುಸಲೇಮ್ ಸಲಾದಿನ್‌ಗೆ ಶರಣಾಯಿತು. 1099ಕ್ಕೆ ಸೇಡು ತೀರಿಸಿಕೊಳ್ಳುವುದಾಗಿ ಅವನು ಮೊದಲು ಹಟ ಹಿಡಿದಿದ್ದ. ಒಳಗಿನವರ ನಾಯಕ ಬಾಲಿಯನ್, ಹಾಗಾದರೆ ನಮ್ಮ ಹೆಂಡಿರು ಮಕ್ಕಳನ್ನು ನಾವೇ ಕೊಂದು, ಇಲ್ಲಿರುವ ಸಾವಿರಾರು ಮುಸ್ಲಿಂ ಸೆರೆಯಾಳುಗಳನ್ನೂ ಕೊಂದು, ಬಂಡೆಯ ಗುಮ್ಮಟವನ್ನು ಕೆಡವಿ ಹೋರಾಡುತ್ತ ಸಾಯುತ್ತೇವೆ ಎಂದು ಹೇಳಿಕಳಿಸಿದ ಮೇಲೆ ಮಾತುಕತೆ ಕುದುರಿತು. ಗಂಡಸಿಗೆ 10 ದಿನಾರ್, ಹೆಂಗಸಿಗೆ 5, ಮಗುವಿಗೆ 1. ಬಡವರ ಪೈಕಿ 7,000 ಮಂದಿಗೆ ಒಟ್ಟಾಗಿ 30,000. ಸಲಾದಿನ್‌ನ ತಮ್ಮ ಅಲ್ ಆದಿಲ್ ಸಾವಿರ ಜನರನ್ನು ತನ್ನ ಪಾಲಿಗೆ ಕೇಳಿ ಪಡೆದು ಹಾಗೇ ಬಿಟ್ಟುಬಿಟ್ಟ. ಸಲಾದಿನ್ ಕೂಡ ಎಷ್ಟೋ ಮುದುಕರನ್ನು ಬಿಟ್ಟ. ಊರಿನ ಕ್ರೈಸ್ತ ಧರ್ಮಾಧ್ಯಕ್ಷ ಹೆರಾಕ್ಲಿಯಸ್ ಮಾತ್ರ ತನ್ನ 10 ದಿನಾರ್ ಕಟ್ಟಿ, ಚರ್ಚಿನ ಬೆಳ್ಳಿಬಂಗಾರವನ್ನು ಹೇರಿಕೊಂಡು ಹೊರಟ. ಹಣವಿಲ್ಲದೆ ಉಳಿದ ಸುಮಾರು 15,000 ಮಂದಿ ಗುಲಾಮರಾದರು. 1099ಕ್ಕೆ ಹೋಲಿಸಿದರೆ ಇದು ಎಷ್ಟೋ ಪಾಲು ಮೇಲು, ಇದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗುಲಾಮರ ಸಂತೆಗೆ ನಡೆದ ಆ ಹೆಂಗಸರು ಮಕ್ಕಳನ್ನು ಬಿಟ್ಟು ಔದಾರ್ಯದ ಕತೆ ಹೇಳುವುದು ಅರ್ಧ ಸತ್ಯ.

ನಾಲ್ಕು ವರ್ಷದ ನಂತರ ಅಕ್ಕಾ ಕೋಟೆ ಇಂಗ್ಲೆಂಡಿನ ದೊರೆ ರಿಚರ್ಡ್‌ನ ಕಡೆಯವರಿಗೆ ಶರಣಾಯಿತು. ಸೆರೆಯಾಳುಗಳ ಬಿಡುಗಡೆಗೆ 2,00,000 ದಿನಾರ್, ಪವಿತ್ರ ಶಿಲುಬೆ, ಕ್ರೈಸ್ತ ಸೆರೆಯಾಳುಗಳು ಎಂದು ಕರಾರು. ಕಂತಿನ ವಿಚಾರದಲ್ಲಿ ತಕರಾರು ಬಂತು, ಗಡುವು ಮೀರಿತು. 1191ರ ಆಗಸ್ಟ್ 20ರಂದು ರಿಚರ್ಡ್ ಸೆರೆಯಾಳುಗಳನ್ನು ಹಗ್ಗದಲ್ಲಿ ಕಟ್ಟಿ ಬಯಲಿಗೆ ತರಿಸಿ, ಸಲಾದಿನ್‌ನ ಸೇನೆಗೆ ಕಾಣುವಂತೆ ಕೊಲ್ಲಿಸಿದ. ಸುಮಾರು 2,600 ಮಂದಿ ಎಂದು ತಾನೇ ಕ್ಲೇರ್ವೋದ ಮಠಾಧಿಪತಿಗೆ ಪತ್ರ ಬರೆದ. ಪಾಪನಿವೇದನೆಯ ದನಿ ಅದರಲ್ಲಿಲ್ಲ, ಗಡುವು ಮುಗಿದಿತ್ತು ಎಂಬ ಲೆಕ್ಕ ಮಾತ್ರ ಇದೆ. ಸಲಾದಿನ್‌ನ ಜೊತೆಗಿದ್ದ ಬಹಾವುದ್ದೀನ್, ಸೇಡಿಗಾಗಿ ಕೊಂದರೆಂದು ಕೆಲವರು, ಮುಂದಕ್ಕೆ ಸಾಗುವಾಗ ಇಷ್ಟು ಜನರನ್ನು ಬೆನ್ನ ಹಿಂದೆ ಬಿಡಲಾಗದೆ ಕೊಂದರೆಂದು ಕೆಲವರು ಹೇಳುತ್ತಾರೆ ಎಂದು ಬರೆದಿಟ್ಟ. ಆಮೇಲೆ ಕೆಲವು ದಿನ ಸಲಾದಿನ್ ಕೂಡ ಕೈಗೆ ಸಿಕ್ಕ ಫ್ರಾಂಕರನ್ನು ಕೊಲ್ಲಿಸಿದ.

ಇಷ್ಟೆಲ್ಲ ನಡೆಯುವಾಗ ಯುರೋಪಿನಲ್ಲಿ ಯಾರೂ ಪ್ರಶ್ನಿಸಲೇ ಇಲ್ಲವೇ? ಪ್ರಶ್ನಿಸಿದರು. ರಾಲ್ಫ್ ನೈಜರ್ ಎಂಬ ಇಂಗ್ಲಿಷ್ ಪಂಡಿತ 1187ರ ಸೋಲಿನ ಬೆನ್ನಲ್ಲೇ, ಮತ್ತೊಂದು ಕ್ರುಸೇಡ್ ಬೇಡವೆಂದು ಪುಸ್ತಕ ಬರೆದ. 1250ರ ಆಸುಪಾಸಿನಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಸ್ವತಃ ಮೂಲ ಪ್ರಶ್ನೆಯನ್ನೇ ಎತ್ತಿದರು: ಕ್ರೈಸ್ತರಲ್ಲದವರು ಎಂಬ ಒಂದೇ ಕಾರಣಕ್ಕೆ ಅವರ ನೆಲವನ್ನು ಕಿತ್ತುಕೊಳ್ಳಬಹುದೇ? ಅವರ ಉತ್ತರ, ಕೂಡದು. ಆಸ್ತಿ, ಆಳ್ವಿಕೆಗಳು ಬುದ್ಧಿಯುಳ್ಳ ಎಲ್ಲ ಮನುಷ್ಯರಿಗೂ ಪ್ರಕೃತಿ ಕೊಟ್ಟ ಹಕ್ಕು, ಸೂರ್ಯ ಎಲ್ಲರ ಮೇಲೂ ಬೆಳಗುತ್ತಾನೆ. ಎಂಥ ಮಾತು! ಆದರೆ ಪವಿತ್ರ ಭೂಮಿಗೆ ಮಾತ್ರ ಈ ನಿಯಮ ಹೊಂದುವುದಿಲ್ಲ, ಅದು ಮೊದಲು ಕ್ರೈಸ್ತ ಸಾಮ್ರಾಜ್ಯದ್ದು ಎಂದು ಅವರೇ ಒಂದು ಕಿಂಡಿ ತೆರೆದಿಟ್ಟರು. ಅವರ ಶಿಷ್ಯ ಹೋಸ್ಟಿಯೆನ್ಸಿಸ್ ಆ ಕಿಂಡಿಯನ್ನು ಹೆಬ್ಬಾಗಿಲು ಮಾಡಿದ. ಕ್ರಿಸ್ತ ಬಂದ ದಿನವೇ ನಂಬದವರ ಆಳುವ ಹಕ್ಕೆಲ್ಲ ಹೋಯಿತು ಎಂದು ವಾದಿಸಿದ.

ಈ ವಾದ ಪುಸ್ತಕದಲ್ಲೇ ಉಳಿಯಲಿಲ್ಲ. ಟೆಂಪ್ಲರ್ ಪಂಗಡ ರದ್ದಾದ ಮೇಲೆ ಪೋರ್ಚುಗಲ್‌ನಲ್ಲಿ ಅದರ ಆಸ್ತಿಯಿಂದ 1319ರಲ್ಲಿ ಹುಟ್ಟಿದ್ದು ‘ಕ್ರಿಸ್ತನ ಪಂಗಡ’. ಅದರ ಕೆಂಪು ಶಿಲುಬೆ ಹೊತ್ತ ಹಡಗುಗಳೇ ನಮ್ಮ ಪಡುವಣ ಕರಾವಳಿಗೆ ಬಂದವು. 1455ರಲ್ಲಿ ಪೋಪ್ ಐದನೇ ನಿಕೊಲಸ್, ನಂಬದವರ ನೆಲ ಗೆಲ್ಲುವ ಅಧಿಕಾರವನ್ನು ಪೋರ್ಚುಗಲ್ ದೊರೆಗೆ ಬರೆದುಕೊಟ್ಟಿದ್ದರು. 1510ರ ನವೆಂಬರ್ 25ರಂದು ಪೋರ್ಚುಗೀಸ್ ದಳಪತಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಯಿಂದ ಗೋವೆಯನ್ನು ಕಿತ್ತುಕೊಂಡ. ಗೋವೆಯ ಮೇಲೆ ಬೀಳಲು ಅವನನ್ನು ಹುರಿದುಂಬಿಸಿ ಜೊತೆಗೂಡಿದವನು ಹೊನ್ನಾವರದ ತಿಮ್ಮಯ್ಯ. ಊರಿನ ಮುಸ್ಲಿಮರನ್ನು ದಿನಗಟ್ಟಲೆ ಹುಡುಕಿ ಕೊಂದೆವು, ಮಸೀದಿಗೆ ತುಂಬಿ ಬೆಂಕಿ ಹಚ್ಚಿದೆವು, ಸತ್ತವರು 6,000 ಎಂದು ಅಲ್ಬುಕರ್ಕ್ ತನ್ನ ದೊರೆಗೆ ಬರೆದ. ರೈತರನ್ನೂ ಬ್ರಾಹ್ಮಣರನ್ನೂ ಮುಟ್ಟಬೇಡಿರೆಂದು ಅಪ್ಪಣೆ ಮಾಡಿದ್ದ. ಮದೀನಾದಿಂದ ಪ್ರವಾದಿಯ ದೇಹವನ್ನು ಹೊತ್ತು ತಂದು ಅದಕ್ಕೆ ಬದಲಾಗಿ ಜೆರುಸಲೇಮನ್ನು ಕೇಳಬೇಕೆಂಬ ಕನಸೂ ಅವನಿಗಿತ್ತು. ಕ್ಲೆರ್ಮಾಂಟ್‌ನ ಕರೆಗೆ ಆಗ 415 ವರ್ಷ.

ಮತ್ತೆ ಪವಿತ್ರ ಭೂಮಿಗೆ ಮರಳೋಣ. ಆ ನೆಲದಲ್ಲಿ ದಿನ ಕಳೆಯಬೇಕಾದವರು ಬೇರೆಯ ನೀತಿಯನ್ನು ಕಲಿತಿದ್ದರು. ಶೈಜರ್ ಕೋಟೆಯ ಸರದಾರ ಉಸಾಮಾ ಇಬ್ನ್ ಮುನ್ಕಿದ್ ಜೆರುಸಲೇಮಿಗೆ ಹೋದಾಗ ಅಲ್ ಅಕ್ಸಾದ ಪಕ್ಕದ ಪುಟ್ಟ ಮಸೀದಿ ಚರ್ಚಾಗಿತ್ತು. ಅಲ್ಲಿದ್ದ ಟೆಂಪ್ಲರ್ ಗೆಳೆಯರು ಅವನಿಗೆ ನಮಾಜು ಮಾಡಲು ಜಾಗ ಬಿಡಿಸಿಕೊಟ್ಟರು. ನಿಂತು ತಕ್ಬೀರ್ ಹೇಳುತ್ತಿದ್ದಂತೆ ಒಬ್ಬ ಫ್ರಾಂಕ್ ಹಾರಿಬಂದು ಅವನ ಮುಖವನ್ನು ಪೂರ್ವಕ್ಕೆ ತಿರುಗಿಸಿ, ಹೀಗೆ ಪ್ರಾರ್ಥಿಸು ಎಂದ. ಟೆಂಪ್ಲರ್‌ಗಳು ಅವನನ್ನು ಎಳೆದುಹಾಕಿದರು. ಅವರ ಕಣ್ಣು ತಪ್ಪಿದೊಡನೆ ಅವನು ಮತ್ತೆ ಬಂದ. ಈ ಸಲ ಹೊರಕ್ಕೇ ತಳ್ಳಿ, ಇವನು ಊರಿನಿಂದ ಈಗಷ್ಟೇ ಬಂದವನು, ಪೂರ್ವಕ್ಕಲ್ಲದೆ ಬೇರೆ ಕಡೆ ಮುಖಮಾಡಿ ಪ್ರಾರ್ಥಿಸಿದವರನ್ನು ಕಂಡಿಲ್ಲ ಎಂದು ಕ್ಷಮೆ ಕೇಳಿದರು. ಇದನ್ನು ಬರೆದ ಉಸಾಮಾ ಫ್ರಾಂಕರ ಹೆಸರೆತ್ತಿದಾಗಲೆಲ್ಲ ಶಾಪ ಹಾಕುವವನೇ. 1184ರಲ್ಲಿ ಟಿಬ್ನೀನ್‌ನಿಂದ ಅಕ್ಕಾಗೆ ಹೊರಟಿದ್ದ ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್, ಫ್ರಾಂಕರ ಕೆಳಗಿನ ಮುಸ್ಲಿಂ ರೈತರು ಅರ್ಧ ಬೆಳೆಯನ್ನೂ ತಲೆಗೆ ಒಂದು ದಿನಾರ್ ಐದು ಕೀರಾತ್‌ನ ತೆರಿಗೆಯನ್ನೂ ಕೊಟ್ಟು ನೆಮ್ಮದಿಯಾಗಿರುವುದನ್ನು ಕಂಡು ಸಂಕಟಪಟ್ಟ. ತಮ್ಮದೇ ಧರ್ಮದ ಒಡೆಯರ ಕೆಳಗಿನ ರೈತರಿಗಿಂತ ಇವರೇ ವಾಸಿ ಎಂಬುದು ಅವನಿಗೆ ನುಂಗಲಾಗದ ತುತ್ತಾಗಿತ್ತು.

ಬೇರೆ ದಾರಿ ಇಲ್ಲದಾಗ ಮಾತ್ರ ಯುದ್ಧ ಎಂಬ ಅಗಸ್ಟೀನನ ಕಟ್ಟಳೆಯನ್ನು ಒರೆಗೆ ಹಚ್ಚಲು 1219ಕ್ಕಿಂತ ಒಳ್ಳೆಯ ವರ್ಷ ಸಿಗದು. ಐದನೇ ಕ್ರುಸೇಡ್ ನೈಲ್ ನದಿಯ ಮುಖದ ದಮಿಯೆಟ್ಟಾ ಕೋಟೆಯನ್ನು ಮುತ್ತಿತ್ತು. ಈಜಿಪ್ಟ್ ಬಿಟ್ಟು ಹೊರಡಿ, ಜೆರುಸಲೇಮ್ ಸಹಿತ ನಿಮ್ಮ ಹಳೆಯ ರಾಜ್ಯದ ಬಹುಭಾಗ ಕೊಡುತ್ತೇನೆ ಎಂದು ಸುಲ್ತಾನ ಅಲ್ ಕಾಮಿಲ್ ಹೇಳಿಕಳಿಸಿದ. ಕ್ರುಸೇಡರ್‌ಗಳ ಕಡೆಯ ದೊರೆ ಜಾನ್ ಒಪ್ಪಿದ, ಪೋಪರ ಪ್ರತಿನಿಧಿ ಪೆಲಾಜಿಯಸ್ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಕೋಟೆ ಬಿದ್ದಾಗ ಒಳಗಿನ ಜನ ಹಸಿವು, ರೋಗಗಳಿಂದ ಬೀದಿಬೀದಿಯಲ್ಲಿ ಹೆಣವಾಗಿದ್ದರು. 1221ರಲ್ಲಿ ಕೈರೋದತ್ತ ಹೊರಟ ಕ್ರುಸೇಡರ್ ಸೇನೆ ನೈಲ್‌ನ ನೆರೆಯಲ್ಲಿ ಸಿಕ್ಕಿಬಿದ್ದು ಶರಣಾಯಿತು, ದಮಿಯೆಟ್ಟಾ ಕೈಬಿಟ್ಟಿತು. ಹಸಿದ ಆ ಸೇನೆಗೆ ಸುಲ್ತಾನ ದಿನವೂ ರೊಟ್ಟಿ ಕಳಿಸಿದ. ಸೇನೆಯಲ್ಲಿದ್ದ ಪಾದ್ರಿ ಆಲಿವರ್ ಅದನ್ನು ಮರೆಯಲಿಲ್ಲ. ಯಾರ ತಂದೆತಾಯಿ, ಮಕ್ಕಳು, ಒಡಹುಟ್ಟಿದವರನ್ನು ನಾವು ಕೊಂದೆವೋ ಅವರೇ ನಮಗೆ ಅನ್ನವಿಟ್ಟು ಬದುಕಿಸಿದರೆಂದು ಬರೆದ.

1219ರ ಆ ಸಂಧಾನ ಮುರಿದ ಹತ್ತು ವರ್ಷದ ನಂತರ ಅದೇ ಅಲ್ ಕಾಮಿಲ್ ಮತ್ತು ಪವಿತ್ರ ರೋಮನ್ ಚಕ್ರವರ್ತಿ ಎರಡನೇ ಫ್ರೆಡರಿಕ್ ಕತ್ತಿ ಎತ್ತದೆ ಮಾತಾಡಿ ಮುಗಿಸಿದರು. 1229ರ ಫೆಬ್ರವರಿಯಲ್ಲಿ ಆದ ಒಪ್ಪಂದದ ಪ್ರಕಾರ ಜೆರುಸಲೇಮ್, ಬೆತ್ಲೆಹೆಮ್, ನಜರೇತ್ ಕ್ರೈಸ್ತರಿಗೆ. ಅಲ್ ಅಕ್ಸಾ ಮತ್ತು ಬಂಡೆಯ ಗುಮ್ಮಟದ ಆವರಣ ಮುಸ್ಲಿಮರಿಗೆ. ಹತ್ತು ವರ್ಷ ಕದನವಿರಾಮ. ಇಬ್ಬರಿಗೂ ರಾಜಕೀಯದ ಲಾಭವಿತ್ತು. ಸುಲ್ತಾನನಿಗೆ ಡಮಾಸ್ಕಸ್‌ನ ಸ್ವಂತ ಅಣ್ಣತಮ್ಮಂದಿರ ಮನೆಯದೇ ತಲೆನೋವು, ಫ್ರೆಡರಿಕ್‌ಗೆ ಪೋಪರ ಬಹಿಷ್ಕಾರ. ಊರಿನ ಮುಸ್ಲಿಮರು ಅಳುತ್ತ ಮನೆ ಬಿಡಬೇಕಾಯಿತು, ಅದು ಸಣ್ಣ ನೋವಲ್ಲ. ಆದರೂ ಈ ಎರಡು ಶತಮಾನಗಳ ಕತೆಯಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸುವ ಕಾಗದ ಇದೇ. ಒಪ್ಪಂದದ ನಂತರ ಚಕ್ರವರ್ತಿ ಜೆರುಸಲೇಮಿನಲ್ಲಿ ತಂಗಿದಾಗ, ಅವನಿಗೆ ಮುಜುಗರವಾದೀತೆಂದು ಖಾಜಿ ಆ ರಾತ್ರಿ ಆಜಾನ್ ನಿಲ್ಲಿಸಿದ್ದನಂತೆ. ಅದನ್ನು ಕೇಳುವ ಆಸೆಯಿಂದಲೇ ಇಲ್ಲಿ ತಂಗಿದೆ, ಏಕೆ ನಿಲ್ಲಿಸಿದಿರಿ ಎಂದು ಫ್ರೆಡರಿಕ್ ಬೆಳಿಗ್ಗೆ ಕೇಳಿದನೆಂದು ಇತಿಹಾಸಕಾರ ಇಬ್ನ್ ವಾಸಿಲ್ ಬರೆದಿದ್ದಾನೆ.

ಡಮಾಸ್ಕಸ್‌ನ ಮಸೀದಿಯಲ್ಲಿ ಸಿಬ್ತ್ ಇಬ್ನ್ ಅಲ್ ಜೌಜಿ ಈ ಒಪ್ಪಂದವನ್ನು ಶೋಕವೆಂದು ಸಾರಿ ಜನರನ್ನು ಅಳಿಸಿದ. ಕ್ರೈಸ್ತ ಧರ್ಮಾಧ್ಯಕ್ಷ ಜೆರಾಲ್ಡ್ ಜೆರುಸಲೇಮ್ ನಗರದ ಮೇಲೆಯೇ ಪೂಜಾ ನಿಷೇಧ ಹೇರಿದ. 1099ರ ಹತ್ಯಾಕಾಂಡದ ಮೇಲೆ ಚರ್ಚು ಅಂಥ ನಿಷೇಧ ಹೇರಿರಲಿಲ್ಲ. ಮೇ 1ರಂದು ಫ್ರೆಡರಿಕ್ ಅಕ್ಕಾದ ಬಂದರಿಗೆ ಹೊರಟಾಗ ಕಟುಕರ ಬೀದಿಯ ಜನ ಅವನ ಮೇಲೆ ಕರುಳು, ಮಾಂಸದ ಚೂರು ಎಸೆದು ಕಳಿಸಿದರು. ಒಪ್ಪಂದವನ್ನು ಅವಧಿ ಮುಗಿಯುವವರೆಗೆ, ಅಂದರೆ 1239ರವರೆಗೆ, ಎರಡೂ ಕಡೆಯ ದೊರೆಗಳು ಮುರಿಯಲಿಲ್ಲ.